ಗೋಣಿಚೀಲದಲ್ಲಿ ಬಂದ ಟರ್ಬೊ



ದೀಪಾವಳಿ ಸೂಟಿ ಮುಗಿದು ಶಾಲೆ ಶುರುವಾದ ವಾರ. ನಮ್ಮ ಹತ್ತನೆಯ ವರ್ಗದ ಹುಡುಗನೊಬ್ಬ ಗೋಣಿಚೀಲದಲ್ಲಿ ಏನೋ ಭಾರದ ವಸ್ತು ಹೊತ್ತುಕೊಂಡು ಪ್ರಯೋಗಶಾಲೆಗೆ ಬಂದ. ಮೇಜಿನ ಮೇಲಿಟ್ಟು ಚೀಲ ಸರಿಸಿದ. ಬಸವನಹುಳುವಿನ ಚಿಪ್ಪಿನಂಥ ಎರಡು ಸುರುಳಿಗಳು. ಒಂದು ತುಕ್ಕು ಹಿಡಿದ ಕಬ್ಬಿಣದ್ದು, ಇನ್ನೊಂದು ಅಲ್ಯೂಮಿನಿಯಮ್ಮಿನದು. ಎರಡರ ಹೊಟ್ಟೆಯೊಳಗೂ ಒಂದೊಂದು ಪುಟ್ಟ ಚಕ್ರ, ಎರಡನ್ನೂ ಜೋಡಿಸುವ ಒಂದೇ ದಂಡ. ಬೆರಳಿನಿಂದ ತಳ್ಳಿದರೆ ಸರ್ರನೆ ತಿರುಗುತ್ತಿತ್ತು.

"ಸರ್, ಟರ್ಬೊ ಅದರಿ. ನಮ್ಮಣ್ಣ ಸೊಲ್ಲಾಪುರದ ಭಂಗಾರದಾಗ ತಂದಾನ. ನಮ್ಮ ಮಾರುತಿಗೆ ಕೂಡಸ್ತಾನಂತ. ಕೂಡ್ತದೇನ್ರಿ?"

(ನಾವು ಈ ಕಡೆಯವರು ಭಂಗಾರ ಅಂತೀವಿ. ಬೆಂಗಳೂರಿನ ಕಡೆ ಅದೇ ಗುಜರಿ.)

ಹುಡುಗನ ಅಣ್ಣನದು ರಸ್ತೆ ಬದಿಯ ಗ್ಯಾರೇಜು. ಕೈ ಬಹಳ ಚಲೋ. ಅವನ ವೆಲ್ಡಿಂಗ್ ನನ್ನ ಅಕ್ಷರಕ್ಕಿಂತ ಚೆಂದ. ಮನೆಯಲ್ಲಿ ಕಾರ್ಬುರೇಟರಿನ ಹಳೆಯ ಮಾರುತಿ 800 ಇದೆ. ಪೈಪು ತಂದಾಗಿದೆ, ಬರುವ ರವಿವಾರ ಬೆಸುಗೆ ಹಾಕುವುದೊಂದೇ ಬಾಕಿ ಎಂದು ಹುಡುಗ ಹೇಳಿದ. ಅಂದರೆ ನನ್ನ ಕೈಯಲ್ಲಿ ನಾಲ್ಕು ದಿನ ಇದ್ದವು. "ಬ್ಯಾಡ" ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ಯಾಕೆ ಬೇಡ ಎಂದು ಲೆಕ್ಕ ಹಾಕಿ ತೋರಿಸದೆ ಬೇಡ ಅಂದರೆ ಅವನು ಕೇಳುವವನಲ್ಲ. ಅವನ ಜಾಗದಲ್ಲಿ ನಾನಿದ್ದರೂ ಕೇಳುತ್ತಿರಲಿಲ್ಲ.

ಮೊದಲು ಟರ್ಬೊ ಅಂದರೆ ಏನು ನೋಡೋಣ. ಇಂಜಿನಿನಲ್ಲಿ ಸುಟ್ಟ ಪೆಟ್ರೋಲಿನ ಉಷ್ಣವೆಲ್ಲ ಗಾಲಿಗೆ ಬರುವುದಿಲ್ಲ. ಸುಮಾರು ಮೂರರಲ್ಲಿ ಒಂದು ಪಾಲು ಸೈಲೆನ್ಸರಿನ ದಾರಿಯಲ್ಲಿ ಬಿಸಿ ಹೊಗೆಯಾಗಿ ಹೊರಟುಹೋಗುತ್ತದೆ. ಆ ಹೊಗೆಯ ದಾರಿಗೆ ಒಂದು ಚಕ್ರ ಅಡ್ಡ ಇಟ್ಟರೆ, ಗಾಳಿಗೆ ಗಿರಿಗಿಟ್ಲೆ ತಿರುಗಿದ ಹಾಗೆ ಅದು ತಿರುಗುತ್ತದೆ. ಅದು ಟರ್ಬೈನ್. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಇಂಜಿನಿನೊಳಗೆ ತುಂಬುತ್ತದೆ. ಅದು ಕಂಪ್ರೆಸರ್. ಕಂಬಾರನ ತಿದಿ ಒಲೆಗೆ ಗಾಳಿ ಊದುತ್ತದಲ್ಲ, ಅದೇ ಕೆಲಸ. ತಿದಿಯನ್ನು ಒತ್ತಲು ಮನುಷ್ಯ ಬೇಕು, ಇಲ್ಲಿ ಒಲೆಯ ಹೊಗೆಯೇ ತಿದಿಯನ್ನು ಒತ್ತುತ್ತದೆ.

ಈ ಯುಕ್ತಿಗೆ 1905ರಲ್ಲಿ ಪೇಟೆಂಟ್ ಪಡೆದವರು ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ. ಉಪಯೋಗಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತು. 1920ರ ದಶಕದಲ್ಲಿ ಎರಡು ಜರ್ಮನ್ ಹಡಗುಗಳ ಡೀಸೆಲ್ ಇಂಜಿನುಗಳಿಗೆ ಇದನ್ನು ಕೂಡಿಸಿದಾಗ ಶಕ್ತಿ 1,750ರಿಂದ 2,500 ಅಶ್ವಶಕ್ತಿಗೆ ಏರಿತು. ಅಷ್ಟು ದೂರ ಯಾಕೆ, ನಮ್ಮ ಅಕ್ಕಲಕೋಟ ರೋಡ್ ಸ್ಟೇಶನ್ನಿಗೇ ಬನ್ನಿ. ಈ ದಾರಿಗೆ ವಿದ್ಯುತ್ ತಂತಿ ಬರುವ ಮುಂಚೆ ಡೀಸೆಲ್ ಇಂಜಿನುಗಳು ಓಡುತ್ತಿದ್ದವು. ವಾರಾಣಸಿಯಲ್ಲಿ ತಯಾರಾಗುತ್ತಿದ್ದ ಡಬ್ಲ್ಯುಡಿಎಂ-2 ಇಂಜಿನಿಗೆ 16 ಸಿಲಿಂಡರು, 2,600 ಅಶ್ವಶಕ್ತಿ, ಜೊತೆಗೆ ಟರ್ಬೊ. ನಿಂತ ಗಾಡಿ ಹೊರಡುವಾಗ ಅದು ಭುಸ್ಸೆಂದು ಕಪ್ಪು ಹೊಗೆ ಉಗುಳುತ್ತಿದ್ದದ್ದು ನಿಮ್ಮ ಅಪ್ಪ-ಕಾಕಾಗಳಿಗೆ ನೆನಪಿರಬಹುದು. ಅದು ಇಂಜಿನು ಕೆಟ್ಟದ್ದರ ಗುರುತಲ್ಲ. ಡ್ರೈವರ್ ಶಕ್ತಿ ಹೆಚ್ಚಿಸಿದ ಕೂಡಲೇ ಡೀಸೆಲ್ ಬರುತ್ತದೆ, ಆದರೆ ಟರ್ಬೊ ವೇಗ ಹಿಡಿಯಲು ಕೆಲವು ಕ್ಷಣ ಬೇಕು. ಎಣ್ಣೆ ಮೊದಲು ಬಂತು, ಗಾಳಿ ಆಮೇಲೆ ಬಂತು. ನಡುವಿನ ಹೊತ್ತಿನಲ್ಲಿ ಸುಡದೆ ಉಳಿದ ಇಂಗಾಲವೇ ಆ ಕಪ್ಪು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಹಲಗೆಯ ಮೇಲೆ ಹಾಕಿದ ಲೆಕ್ಕ. ಮಾರುತಿ 800ರ ಇಂಜಿನು 796 ಸಿಸಿ, ಅಂದರೆ ಸುಮಾರು 0.8 ಲೀಟರ್. ನಾಲ್ಕು ಹೊಡೆತದ ಇಂಜಿನಾದ್ದರಿಂದ ಎರಡು ಸುತ್ತಿಗೆ ಒಂದು ಸಲ ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 4,000 ಸುತ್ತು ತಿರುಗಿದರೆ 2,000 ಸಲ, ಅಂದರೆ 1,600 ಲೀಟರ್. ಸಿಲಿಂಡರು ಪೂರ್ತಿ ತುಂಬುವುದಿಲ್ಲ, ನೂರಕ್ಕೆ 80 ಹಿಡಿಯೋಣ. ಸುಮಾರು 1,280 ಲೀಟರ್ ಆಯಿತು. ನಮ್ಮೂರಿನ ಬಿಸಿಲಿನ ಗಾಳಿ ಲೀಟರಿಗೆ ಸುಮಾರು 1.1 ಗ್ರಾಂ ತೂಗುತ್ತದೆ. ಅಂತೂ ನಿಮಿಷಕ್ಕೆ 1,400 ಗ್ರಾಂ ಗಾಳಿ.

ಇಲ್ಲಿ ಒಬ್ಬ ಹುಡುಗಿ ಎದ್ದು, "ಗಾಳೀನ್ನ ಯಾಕ ತೂಗಬೇಕ್ರಿ ಸರ್, ಲೀಟರ್ ಸಾಕಲ್ಲ?" ಎಂದು ಕೇಳಿದಳು. ಇಡೀ ಲೇಖನದ ಬೀಗದ ಕೈ ಆ ಪ್ರಶ್ನೆಯಲ್ಲಿದೆ. ಪೆಟ್ರೋಲಿಗೆ ಬೇಕಾದದ್ದು ಗಾಳಿಯ ಗಾತ್ರವಲ್ಲ, ಆಕ್ಸಿಜನ್ ಅಣುಗಳ ಲೆಕ್ಕ. 1 ಗ್ರಾಂ ಪೆಟ್ರೋಲ್ ಪೂರ್ತಿ ಸುಡಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹಾಗಾದರೆ 1,400 ಗ್ರಾಂ ಗಾಳಿಗೆ 95 ಗ್ರಾಂ ಪೆಟ್ರೋಲು.

ಅಣ್ಣನ ಆಸೆ ಅರ್ಧ ಬಾರ್ ಒತ್ತಡ ತುಂಬುವುದು. ಒತ್ತಡ ಒಂದೂವರೆ ಪಟ್ಟು, ಹಾಗಾದರೆ ಗಾಳಿಯೂ ಒಂದೂವರೆ ಪಟ್ಟು ಎಂದು ವರ್ಗದಲ್ಲಿ ಎಲ್ಲರೂ ಹೇಳಿದರು. ತಪ್ಪು. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿದ್ದೀರಿ. ಒತ್ತಿದ ಗಾಳಿ ಕಾಯುತ್ತದೆ. 40 ಡಿಗ್ರಿ ಸೆಲ್ಸಿಯಸ್ಸಿನ ಗಾಳಿ ಇಂಥ ಕಂಪ್ರೆಸರಿನಿಂದ ಹೊರಬರುವಾಗ ಹತ್ತಿರ ಹತ್ತಿರ 100 ಡಿಗ್ರಿ ಆಗಿರುತ್ತದೆ. ಕಾದ ಗಾಳಿ ಹಿಗ್ಗುತ್ತದೆ, ಹಗುರಾಗುತ್ತದೆ. ಕೆಲ್ವಿನ್‌ಗೆ ಬದಲಾಯಿಸಿ ಲೆಕ್ಕ ಮಾಡಿ: 1.5 × 313 ÷ 373. ಬರುವುದು 1.26. ಅರ್ಧ ಬಾರ್ ಒತ್ತಿದರೂ ಗಾಳಿ ಹೆಚ್ಚಿದ್ದು ಕಾಲು ಪಾಲು ಮಾತ್ರ. ನಡುವೆ ರೇಡಿಯೇಟರಿನಂಥ ಇಂಟರ್‌ಕೂಲರ್ ಇಟ್ಟು 60 ಡಿಗ್ರಿಗೆ ತಣಿಸಿದರೆ 1.41 ಪಟ್ಟು. ಇಂಟರ್‌ಕೂಲರ್ ಯಾಕೆ ಇರುತ್ತದೆ ಎಂಬುದು ಈ ಒಂದು ಭಾಗಾಕಾರದಲ್ಲೇ ಗೊತ್ತಾಗುತ್ತದೆ.

ಶನಿವಾರ ಮಧ್ಯಾಹ್ನ ಈ ಲೆಕ್ಕದ ಹಾಳೆ ಹಿಡಿದು ಗ್ಯಾರೇಜಿಗೆ ಹೋದೆ. ಅಣ್ಣ ಚಹಾ ತರಿಸಿದ. ನಾನು ಹಾಳೆ ತೆಗೆಯುವ ಮೊದಲೇ ಅವನು ಫೋನು ತೆಗೆದ. "ನೋಡ್ರಿ ಸರ್, ಜಪಾನದಾಗ ಇದೇ ಸುಝುಕಿಯವರು ಮಾಡ್ಯಾರ." ಅವನು ಹೇಳಿದ್ದು ಖರೆ. 1987ರಲ್ಲಿ ಸುಝುಕಿ ಕಂಪನಿ ಜಪಾನಿನಲ್ಲಿ ಆಲ್ಟೊ ವರ್ಕ್ಸ್ ಎಂಬ ಕಾರು ಬಿಟ್ಟಿತು. ಇಂಜಿನು ಬರೀ 543 ಸಿಸಿ, ಟರ್ಬೊ ಸೇರಿ 64 ಅಶ್ವಶಕ್ತಿ. ನಮ್ಮ 796 ಸಿಸಿಯ ಮಾರುತಿ ಕೊಡುತ್ತಿದ್ದದ್ದು 37ರ ಆಸುಪಾಸು. ಯಾರಿಗಾದರೂ ಆಸೆ ಹುಟ್ಟುವುದೇ. ಆದರೆ ಆ ಕಾರಿಗೆ ಕಾರ್ಬುರೇಟರ್ ಇರಲಿಲ್ಲ, ಇಂಜೆಕ್ಷನ್ ಇತ್ತು, ಸಿಲಿಂಡರಿಗೆ ನಾಲ್ಕು ವಾಲ್ವು ಇದ್ದವು, ಇಂಟರ್‌ಕೂಲರ್ ಇತ್ತು. ಟರ್ಬೊವನ್ನು ಕೊನೆಗೆ ತಂದು ಅಂಟಿಸಿದ್ದಲ್ಲ, ಇಡೀ ಇಂಜಿನನ್ನೇ ಅದಕ್ಕೆ ತಕ್ಕಂತೆ ಕಟ್ಟಿದ್ದರು.

"ಹಂಗಾದ್ರ ಏನೇನು ಬದಲ ಮಾಡಬೇಕು ಹೇಳ್ರಿ, ಮಾಡೋಣು" ಅಂದ ಅಣ್ಣ. ಅಲ್ಲಿಂದ ಮಾತು ರಂಗೇರಿತು.

ಹೊಗೆಯ ಕಡೆಯಿಂದ ಶುರು ಮಾಡಿದೆವು. ಅವನು ತಂದದ್ದು ಸಾದಾ ಉಕ್ಕಿನ ತೆಳು ಪೈಪು. ಇಂಜಿನಿನ ತಲೆಯಿಂದ ಟರ್ಬೊವರೆಗೆ ಸುಮಾರು 40 ಸೆಂಟಿಮೀಟರ್ ಬೇಕಾಗುತ್ತದೆ. ಪೆಟ್ರೋಲ್ ಇಂಜಿನಿನ ಹೊಗೆ ಪೂರ್ತಿ ಭಾರದಲ್ಲಿ 800ರಿಂದ 900 ಡಿಗ್ರಿಯವರೆಗೆ ಕಾದಿರುತ್ತದೆ. ಪೈಪು 700 ಡಿಗ್ರಿ ಏರಿತು ಎನ್ನಿ. ಉಕ್ಕಿನ ರೇಖೀಯ ಪ್ರಸರಣ ಗುಣಾಂಕ ಡಿಗ್ರಿಗೆ 0.000012. 400 ಮಿ.ಮೀ. × 0.000012 × 700 = 3.36 ಮಿ.ಮೀ. "ಮೂರು ಮಿಲಿಮೀಟರ್ ಏನ್ ಮಹಾ?" ಎಂದು ಅಣ್ಣ ನಕ್ಕ. ಅವನ ಗ್ಯಾರೇಜಿನ ಹಿಂದೆಯೇ ಕಂಬಾರರ ಒಲೆ. ಅರ್ಧ ಮೀಟರಿನ ಸಳಿಯೊಂದನ್ನು ಉಕ್ಕಿನ ಪಟ್ಟಿಯಿಂದ ಅಳೆದು, ಅದರ ಅರ್ಧ ಭಾಗವನ್ನು ಕೆಂಡದಲ್ಲಿಟ್ಟು ಕೆಂಪಗಾಗಿಸಿ, ಇಕ್ಕಳದಿಂದ ಹೊರತೆಗೆದು ಮತ್ತೆ ಅಳೆದೆವು. ಕಾದದ್ದು ಅರ್ಧ ಭಾಗವೇ ಆದರೂ ಎರಡು ಮಿಲಿಮೀಟರಿಗಿಂತ ಚೂರು ಹೆಚ್ಚೇ ಬೆಳೆದಿತ್ತು. ತಣ್ಣಗಾದ ಮೇಲೆ ಮೊದಲಿನಷ್ಟೇ. ಎರಡೂ ತುದಿ ಬೋಲ್ಟಿನಲ್ಲಿ ಬಿಗಿದ ಪೈಪು ಎಲ್ಲಿಗೆ ಬೆಳೆಯಬೇಕು? ಬೆಳೆಯಲು ಜಾಗ ಸಿಗದೆ ಅದು ಬೆಸುಗೆಯನ್ನು ಕೀಳುತ್ತದೆ. ಸಂಜೆ ತಣಿದಾಗ ಎಳೆಯುತ್ತದೆ, ಮರುದಿನ ಮತ್ತೆ ತಳ್ಳುತ್ತದೆ. ತಂತಿಯನ್ನು ಹಿಂದೆ-ಮುಂದೆ ಬಾಗಿಸಿ ಮುರಿಯುತ್ತೇವಲ್ಲ, ಹಾಗೆ ಒಂದು ದಿನ ಬಿರುಕು. ಅದಕ್ಕೇ ಕಂಪನಿಗಳು ದಪ್ಪ ಎರಕದ ಕಬ್ಬಿಣ ಬಳಸುತ್ತವೆ, ಮುಂದಿನ ಕೊಳವೆಯಲ್ಲಿ ನೆರಿಗೆ ನೆರಿಗೆಯ ಮೆತ್ತನೆ ಜೋಡಣೆ ಇಡುತ್ತವೆ.

ಬಿರುಕಿನಿಂದ ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಇಂಜಿನು ಚಾಲೂ ಮಾಡಿ ಸೋರಿಕೆ ಹುಡುಕುತ್ತ ಕುಳಿತರೆ ಎದ್ದು ಬರುವ ಭರವಸೆ ಇಲ್ಲ. ಇದನ್ನು ಹೇಳುವಾಗ ನಾನು ನಗಲಿಲ್ಲ, ಅವನೂ ನಗಲಿಲ್ಲ.

ಇನ್ನೊಂದು ತೊಡಕು ಅವನೇ ಹಿಡಿದ. ಆ ಟರ್ಬೊ ಡೀಸೆಲ್ ಕಾರಿನದು. ಡೀಸೆಲ್ಲಿನ ಹೊಗೆ ಪೆಟ್ರೋಲಿನಷ್ಟು ಕಾಯುವುದಿಲ್ಲ. ಆ ಲೆಕ್ಕಕ್ಕೆ ಆರಿಸಿದ ಲೋಹ ಪೆಟ್ರೋಲಿನ ಉರಿಯನ್ನು ಎಷ್ಟು ದಿನ ತಾಳೀತು? ಅದೂ ತಿರುಗುತ್ತಿರುವಾಗ. ಅದರ ಚಕ್ರದ ವ್ಯಾಸ 4.4 ಸೆಂಟಿಮೀಟರ್. ಇಂಥ ಸಣ್ಣ ಟರ್ಬೊ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ತಿರುಗಬಲ್ಲದು, ಅಂದರೆ ಸೆಕೆಂಡಿಗೆ 2,500. ಪರಿಧಿಯಿಂದ ಗುಣಿಸಿ: 3.14 × 0.044 × 2,500. ಸೆಕೆಂಡಿಗೆ 345 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಹೆಚ್ಚುಕಡಿಮೆ ಅಷ್ಟೇ! ಮನೆಯ ಮಿಕ್ಸರಿನ ಹಾಗೆ ಗುಂಡಿನ ಬೇರಿಂಗ್ ಹಾಕಿ ಬಿಟ್ಟರೆ ಆಗದು. ಬಹುತೇಕ ಟರ್ಬೊಗಳ ದಂಡ ಎಣ್ಣೆಯ ತೆಳು ಪದರದ ಮೇಲೆ ತೇಲುತ್ತ ತಿರುಗುತ್ತದೆ. ಎಣ್ಣೆ ಸಣ್ಣ ನಳಿಗೆಯಲ್ಲಿ ಒತ್ತಡದಿಂದ ಒಳಗೆ ಬರುತ್ತದೆ. ಹೊರಗೆ ಹೋಗುವಾಗ ಒತ್ತಡ ಇರುವುದಿಲ್ಲ, ಗಾಣದ ಕೊಪ್ಪರಿಗೆಯ ನೊರೆಯ ಹಾಗೆ ಉಬ್ಬಿರುತ್ತದೆ, ತನ್ನ ಭಾರದಿಂದಲೇ ಕೆಳಗಿಳಿಯಬೇಕು. ಆದ್ದರಿಂದ ಇಳಿಯುವ ಕೊಳವೆ ದಪ್ಪಗಿರಬೇಕು, ನೇರ ಕೆಳಮುಖ ಇರಬೇಕು. ಅಣ್ಣನ ನಕಾಶೆಯಲ್ಲಿ ಅದು ಮೊದಲು ಕೆಳಗಿಳಿದು ಆಮೇಲೆ ಮೇಲೆ ಹತ್ತುತ್ತಿತ್ತು. ಹಾಗಾದರೆ ಎಣ್ಣೆ ಅಲ್ಲೇ ನಿಂತು ಬದಿಯಿಂದ ಹೊಗೆಯೊಳಗೆ ನುಗ್ಗುತ್ತದೆ, ಹಿಂದೆ ನೀಲಿ ಹೊಗೆ.

ಈಗ ಎಣ್ಣೆಯ ಕಡೆ, ಅಂದರೆ ಪೆಟ್ರೋಲಿನ ಕಡೆ. ನಿಜವಾದ ಗಂಡಾಂತರ ಇದ್ದದ್ದು ಇಲ್ಲಿ.

ಟರ್ಬೊ ಒತ್ತಿದ ಗಾಳಿಯನ್ನು ಕಾರ್ಬುರೇಟರಿನ ಬಾಯಿಗೆ ಊದುವುದು ಅಣ್ಣನ ಯೋಜನೆ. ಹಾಗೆ ಮಾಡಿದರೆ ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲಿನ ಮೇಲೂ ಅದೇ ಅರ್ಧ ಬಾರ್ ಒತ್ತಡ ಕೊಡಬೇಕು, ಇಲ್ಲದಿದ್ದರೆ ಜೆಟ್ಟಿನಿಂದ ಪೆಟ್ರೋಲು ಮೇಲೇಳುವುದಿಲ್ಲ. ಸರಿ, ಕೊಟ್ಟೆವು ಎನ್ನಿ. ಆದರೆ ಆ ಬಟ್ಟಲಿಗೆ ಪೆಟ್ರೋಲು ತುಂಬಿಸುವ ಯಾಂತ್ರಿಕ ಪಂಪಿನ ಒತ್ತಡ ಎಷ್ಟು? ಕಾರ್ಬುರೇಟರ್ ಗಾಡಿಗಳಲ್ಲಿ ಸಾಮಾನ್ಯವಾಗಿ 0.2ರಿಂದ 0.3 ಬಾರ್. ನೀರಿನ ಲೆಕ್ಕದಲ್ಲಿ ಹೇಳುವುದಾದರೆ 1 ಬಾರ್ ಅಂದರೆ ಸುಮಾರು 10 ಮೀಟರ್ ಎತ್ತರದ ನೀರು. ಎರಡೂವರೆ ಮೀಟರ್ ಎತ್ತರದ ಟಾಕಿಯಿಂದ ಐದು ಮೀಟರ್ ಎತ್ತರದ ಮಾಳಿಗೆಗೆ ನೀರು ತಾನಾಗಿ ಹತ್ತುತ್ತದೆಯೇ? ಅದೇ ಇಲ್ಲಿ. ಸುಮ್ಮನೆ ಓಡುವಾಗ ಗಾಡಿ ಚೆನ್ನಾಗಿಯೇ ಓಡುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ, ಅಂದರೆ ಗಾಳಿ ಅತಿ ಹೆಚ್ಚು ಬಂದಾಗ, ಸರಿಯಾಗಿ ಅದೇ ಹೊತ್ತಿಗೆ ಪೆಟ್ರೋಲು ಕಟ್ಟಾಗುತ್ತದೆ.

ಪೆಟ್ರೋಲ್ ಕಡಿಮೆಯಾದರೆ ಇಂಜಿನು ತಣ್ಣಗಾಗುತ್ತದೆ ಎಂದು ನಿಮಗೆ ಅನಿಸಬಹುದು. ಭಾರ ಎಳೆಯುವ ಪೆಟ್ರೋಲ್ ಇಂಜಿನಿನಲ್ಲಿ ಆಗುವುದು ಉಲ್ಟಾ. ಆವಿಯಾಗುತ್ತ ತಂಪು ಮಾಡುವ ಹೆಚ್ಚುವರಿ ಪೆಟ್ರೋಲು ಇಲ್ಲವಾಗುತ್ತದೆ; ಒತ್ತಿ ಕಾಯಿಸಿದ ಮಿಶ್ರಣ ಪ್ಲಗ್ಗಿನ ಜ್ವಾಲೆ ಮುಟ್ಟುವ ಮೊದಲೇ ಮೂಲೆಯಲ್ಲಿ ತಾನೇ ಹೊತ್ತಿ ಸಿಡಿಯುತ್ತದೆ. ಟಣ್ ಟಣ್ ಸದ್ದು ಬರುತ್ತದೆ, ಅದೇ ನಾಕಿಂಗ್. ಪಿಸ್ಟನ್ ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಅಲ್ಯೂಮಿನಿಯಮ್ ಕರಗುವುದು 660 ಡಿಗ್ರಿಗೆ, ಒಳಗಿನ ಜ್ವಾಲೆ 2,000 ಡಿಗ್ರಿ ದಾಟಿರುತ್ತದೆ. ಅಮೆರಿಕದಲ್ಲಿ 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಟರ್ಬೊ ಕಾರಿಗೆ ಈ ನಾಕಿಂಗ್ ತಡೆಯಲೆಂದೇ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವದ ಬೇರೆ ಟಾಕಿ ಇಟ್ಟಿದ್ದರು. ಆ ಟಾಕಿ ತುಂಬಿಸುವುದನ್ನು ಮಾಲೀಕರು ಮರೆಯುತ್ತಿದ್ದರು. ಕಾರು ಹೆಚ್ಚು ವರ್ಷ ಬಾಳಲಿಲ್ಲ.

ಅದಕ್ಕೇ ಟರ್ಬೊ ಇರುವ ಪೆಟ್ರೋಲ್ ಗಾಡಿಯಲ್ಲಿ ಭಾರ ಬಿದ್ದಾಗ 14.7 ಅಲ್ಲ, ಸುಮಾರು 12ಕ್ಕೆ 1ರಂತೆ ದಟ್ಟ ಮಿಶ್ರಣ ಕೊಡುತ್ತಾರೆ. ನಮ್ಮ ಲೆಕ್ಕ ಮುಂದುವರಿಸಿ: 1,400 × 1.41 ÷ 12 ಅಂದರೆ ಸುಮಾರು 164 ಗ್ರಾಂ. ಮೊದಲಿದ್ದ 95 ಎಲ್ಲಿ, ಈ 164 ಎಲ್ಲಿ! ಅಷ್ಟು ಹರಿಸುವ ಜೆಟ್ಟು, ಗಾಳಿಯ ಒತ್ತಡ ಏರಿದಂತೆ ತಾನೂ ಏರುವ ರೆಗ್ಯುಲೇಟರು, ಅದಕ್ಕೆ ತಕ್ಕ ಪಂಪು, ಆ ಒತ್ತಡ ತಾಳುವ ಪೆಟ್ರೋಲ್ ಹೋಸು ಬೇಕು. ಅಣ್ಣ ತಂದಿಟ್ಟದ್ದು ಸ್ಕೂಟರಿಗೆ ಹಾಕುವ ಪ್ಲಾಸ್ಟಿಕ್ ನಳಿಗೆ. ಅದು ಹಾದುಹೋಗುವುದು ಕೆಂಪಗೆ ಕಾಯುವ ಟರ್ಬೈನಿನಿಂದ ಒಂದು ಗೇಣು ದೂರದಲ್ಲಿ. ಪೆಟ್ರೋಲ್ ಆವಿ ಕಿಡಿ ಇಲ್ಲದೆಯೇ ಹೊತ್ತಿಕೊಳ್ಳಲು ಮುನ್ನೂರು ಡಿಗ್ರಿಯೂ ಬೇಕಿಲ್ಲ.

ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಆಗ ನಾನು ನಮ್ಮ ಕಾಕಾನ ಟ್ರ್ಯಾಕ್ಟರಿನ ಕಥೆ ಹೇಳಿದೆ. ನಾನು ಒಂಬತ್ತನೆಯ ವರ್ಗದಲ್ಲಿದ್ದೆ. ಕಬ್ಬಿನ ಹಂಗಾಮು. ಎರಡು ಟ್ರೇಲರ್ ತುಂಬಿ ಕಾರ್ಖಾನೆಗೆ ಎಳೆಯಬೇಕು, ಮೂರು ಸಿಲಿಂಡರಿನ ಹಳೆಯ ಟ್ರ್ಯಾಕ್ಟರಿಗೆ ಜೀವ ಸಾಲದು. ಯಾರೋ ಮಿಸ್ತ್ರಿ ಡೀಸೆಲ್ ಪಂಪಿನ ಸೀಲು ಕತ್ತರಿಸಿ, ಅತಿ ಹೆಚ್ಚು ಎಣ್ಣೆ ಎಷ್ಟೆಂದು ಕಟ್ಟುವ ಸ್ಕ್ರೂ ತಿರುವಿಕೊಟ್ಟ. ಆ ಸೀಲು ಯಾಕೆ ಇರುತ್ತದೆ ಗೊತ್ತೇ? 1951ರಲ್ಲಿ ಶುರುವಾದ, ನಂತರ ಬಾಷ್ ಎಂದು ಹೆಸರಾದ ಬೆಂಗಳೂರಿನ ಮೈಕೋ ಕಾರ್ಖಾನೆಯ ಪಂಪುಗಳ ಹೆಸರು ಕೇಳಿರುತ್ತೀರಿ. ಇಂಥ ಪಂಪನ್ನು ಪರೀಕ್ಷಾ ಬೆಂಚಿನ ಮೇಲೆ ಕೂಡಿಸಿ, ಪ್ರತಿ ಹೊಡೆತಕ್ಕೆ ಎಷ್ಟು ಡೀಸೆಲ್ ಬರಬೇಕೆಂದು ಅಳತೆ ಗಾಜಿನಲ್ಲಿ ಹಿಡಿದು ನೋಡಿ ಹೊಂದಿಸಿ, ಆಮೇಲೆ ಸೀಲು ಹಾಕುತ್ತಾರೆ. ಟರ್ಬೊ ಇರುವ ಡೀಸೆಲ್ ಇಂಜಿನುಗಳ ಕೆಲವು ಪಂಪುಗಳ ತಲೆಯ ಮೇಲೆ ರಬ್ಬರ್ ಪರದೆಯ ಒಂದು ಡಬ್ಬಿ ಇರುತ್ತದೆ. ಗಾಳಿಯ ಒತ್ತಡ ಏರಿದರೆ ಮಾತ್ರ ಆ ಪರದೆ ಸರಿದು ಹೆಚ್ಚು ಎಣ್ಣೆಗೆ ದಾರಿ ಬಿಡುತ್ತದೆ. ಗಾಳಿ ಮೊದಲು, ಎಣ್ಣೆ ಆಮೇಲೆ. ಕಾಕಾನ ಟ್ರ್ಯಾಕ್ಟರಿಗೆ ಟರ್ಬೊ ಇರಲಿಲ್ಲ, ಗಾಳಿ ಇದ್ದಷ್ಟೇ ಇತ್ತು. ರೈಲ್ವೆ ಇಂಜಿನಿನ ಕಪ್ಪು ಹೊಗೆ ನಾಲ್ಕು ಕ್ಷಣದ್ದು, ಇವನದು ದಾರಿಯುದ್ದಕ್ಕೂ. "ಏನ್ ಜಗ್ಗತದೋ!" ಎಂದು ಊರವರು ಹೊಗಳಿದರು. ಡೀಸೆಲ್ಲಿನಲ್ಲಿ ಎಣ್ಣೆ ಹೆಚ್ಚಾದಷ್ಟೂ ಹೊಗೆಯ ಉಷ್ಣ ಏರುತ್ತದೆ. ಹಂಗಾಮು ಮುಗಿಯುವ ಮೊದಲೇ ನಡುವಿನ ಪಿಸ್ಟನ್ನಿನ ಅಂಚು ಮೇಣದ ಹಾಗೆ ಇಳಿದಿತ್ತು. ಟ್ರ್ಯಾಕ್ಟರ್ ನಿಂತಿತು, ಕಬ್ಬು ಗದ್ದೆಯಲ್ಲಿ ಒಣಗಿತು. ಆ ವರ್ಷ ಅಕ್ಕನ ಮದುವೆ ಮುಂದಕ್ಕೆ ಹೋಯಿತು. ಮನೆಯಲ್ಲಿ ಅದರ ಕಾರಣವನ್ನು ಇವತ್ತಿಗೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕಾಯ್ದೆಯ ಮಾತೂ ಬಂತು. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ ಕಂಪನಿ ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಅದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಎಂದು ಸೇರಿಸಿದ್ದಾರೆ. ಅಪಘಾತವಾದರೆ ವಿಮೆಯವರು ತಕರಾರು ಎತ್ತುವುದು ಬೇರೆ. ನಿಜ ಹೇಳಬೇಕೆಂದರೆ ಅಣ್ಣನನ್ನು ಹಿಡಿದು ನಿಲ್ಲಿಸಿದ್ದು ದಂಡವಲ್ಲ, ಟಾಕಿ ಮತ್ತು ಮಾಳಿಗೆಯ ಲೆಕ್ಕ. ತನ್ನ ಪಂಪಿನ ಬಾಯಿಗೆ ಒತ್ತಡದ ಗೇಜು ಹಚ್ಚಿ ನೋಡಿದ. ಮುಳ್ಳು 0.25ರ ಹತ್ತಿರ ನಿಂತಿತು. ಗೇಜನ್ನು ಎರಡು ಸಲ ಬೆರಳಿನಿಂದ ತಟ್ಟಿದ. ಅಲ್ಲಾಡಲಿಲ್ಲ.

ಟರ್ಬೊ ಈಗ ನಮ್ಮ ಪ್ರಯೋಗಶಾಲೆಯಲ್ಲಿದೆ. ಅಣ್ಣನೇ ಅದರ ಎರಡೂ ಸುರುಳಿಗಳನ್ನು ಗ್ರೈಂಡರಿನಿಂದ ಸೀಳಿ, ಒಳಗಿನ ಚಕ್ರಗಳು ಕಾಣುವಂತೆ ಮಾಡಿ, ಸ್ಟ್ಯಾಂಡಿಗೆ ಕೂಡಿಸಿಕೊಟ್ಟ. ಹುಡುಗರು ಬಾಯಿಂದ ಊದಿ ತಿರುಗಿಸುತ್ತಾರೆ. ಎರಡೂ ಚಕ್ರಗಳ ಎಲೆಗಳು ಬೇರೆ ಬೇರೆ ಕಡೆ ಯಾಕೆ ಬಾಗಿವೆ ಎಂದು ಏಳನೆಯ ವರ್ಗದವನೊಬ್ಬ ಕೇಳಿದ್ದಾನೆ. ಒಂದರಲ್ಲಿ ಗಾಳಿ ನಡುವಿನಿಂದ ಅಂಚಿಗೆ ಹೋಗುತ್ತದೆ, ಇನ್ನೊಂದರಲ್ಲಿ ಅಂಚಿನಿಂದ ನಡುವಿಗೆ ಬರುತ್ತದೆ ಎನ್ನುವಷ್ಟು ಸುಳಿವು ಕೊಟ್ಟು ಬಿಟ್ಟಿದ್ದೇನೆ. ಮಾರುತಿಗೆ ಹೊಸ ರಿಂಗು, ಹೊಸ ಪ್ಲಗ್ಗು ಬಿದ್ದಿವೆ, ಕಾರ್ಬುರೇಟರ್ ತೊಳೆದಾಗಿದೆ. ಮೊದಲಿಗಿಂತ ಚೆನ್ನಾಗಿ ಏರು ಹತ್ತುತ್ತದಂತೆ.

ಆದರೆ ಅಣ್ಣ ಆ ಪೈಪನ್ನು ಇನ್ನೂ ಮಾರಿಲ್ಲ. ಗ್ಯಾರೇಜಿನ ಹಿಂದೆ ಕೋನಪಟ್ಟಿಯ ಒಂದು ಸ್ಟ್ಯಾಂಡು ಕಟ್ಟುತ್ತಿದ್ದಾನೆ. ಯಾರದೋ ಹಾಳಾದ ಗಾಡಿಯಿಂದ ಇಂಜೆಕ್ಷನ್ನಿನ ಇಂಜಿನು ಸಿಕ್ಕರೆ ರಸ್ತೆಗೆ ಇಳಿಸದೆ, ಬಯಲಿನಲ್ಲಿ ಆ ಸ್ಟ್ಯಾಂಡಿನ ಮೇಲೆ ಓಡಿಸಿ ನೋಡುತ್ತಾನಂತೆ. ಮೊನ್ನೆ ತಮ್ಮನ ಕೈಯಲ್ಲಿ ಚೀಟಿ ಕಳಿಸಿದ್ದ: "ಸರ್, 1000 ಸಿಸಿಗೆ ಗಾಳಿ ಎಷ್ಟು ಗ್ರಾಂ ಬರ್ತದ, ಲೆಕ್ಕ ಮಾಡಿ ಕೊಡ್ರಿ." ಲೆಕ್ಕವನ್ನು ತಮ್ಮನೇ ಮಾಡಿ ಒಯ್ದ.